ಮೋಟಾರು ಕೆಡಿಸುತ್ತಿದ್ದ ಉಸ್ತಾದ್

ಮೊದಲಿಗೆ ತಪ್ಪೊಪ್ಪಿಗೆ. ನಾನು ಇಷ್ಟು ದಿನದ ಬಾಳಿನಲ್ಲಿ ಒಬ್ಬನೇ ಒಬ್ಬ ಕಳ್ಳನನ್ನು ಹಿಡಿದಿದ್ದೇನೆ. ಅವನು ಕಳ್ಳನಾಗಿರಲಿಲ್ಲ. ಹಿಡಿದದ್ದು ಹತ್ತು ಜನರ ಎದುರಿಗೆ, ದೇವಿಮನೆ ಘಟ್ಟದ ತಲೆಯ ಮೇಲೆ, ಬೆಳಗಿನ ಬಿಸಿಲಿನಲ್ಲಿ. ಹಿಡಿಯುವ ಭರದಲ್ಲಿ ಸೆಗಣಿ ತುಳಿದು ಜಾರಿ ಬಿದ್ದೆ, ಬಿದ್ದಲ್ಲಿಂದಲೇ ಬೆರಳು ತೋರಿಸಿ “ಹಿಡೀರಿ ಅವನ್ನ, ಹಿಡೀರಿ” ಎಂದು ಕೂಗಿದೆ. ನನ್ನನ್ನು ಎಬ್ಬಿಸಲು ಮೊದಲು ಓಡಿ ಬಂದವನು ಯಾರು ಅಂದರೆ, ಆ ಕಳ್ಳನೇ.

ಅವರು ಸವಣೂರಿನ ಮೋಟಾರು ಮಿಸ್ತ್ರಿ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ಊರುಗಳಲ್ಲಿ ಮೋಟಾರು ಇಟ್ಟುಕೊಂಡವರೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು. ನಾನು ಮನಸ್ಸಿನಲ್ಲಿ ಬೇರೆ ಹೆಸರು ಇಟ್ಟುಕೊಂಡಿದ್ದೆ, ಅದನ್ನು ಬರೆಯಲು ಈಗ ಕೈ ಬರುವುದಿಲ್ಲ. ಹೋದ ತಿಂಗಳು ಅವರು ತೀರಿಕೊಂಡರು. ಅವರ ಹೆಸರಿಗೆ ನಾನು ಹಚ್ಚಿದ ಮಸಿ ಇನ್ನೂ ಹಾಗೇ ಇದೆ. ಅದಕ್ಕೇ ಈ ಬರವಣಿಗೆ.

ನನ್ನ ಸೋದರಮಾವ ಹಿರೇಕೆರೂರಿನಲ್ಲಿ ಡಾಕ್ಟರು. ಹೊಸ ಮೋಟಾರಿಗೆ ಅರ್ಜಿ ಹಾಕಿದರೆ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಮಾವನ ಹತ್ತಿರ ಇದ್ದದ್ದು ಯಾವನೋ ಇಂಗ್ಲಿಷ್ ಸಾಹೇಬ ಬಿಟ್ಟುಹೋದ, ಸುಮಾರು ನನ್ನಷ್ಟೇ ವಯಸ್ಸಿನ, ನನಗಿಂತ ಹೆಚ್ಚು ಕೆಲಸ ಮಾಡುವ ಒಂದು ಹಸಿರು ಗಾಡಿ. ಇಂಥದೇ ಹಳೆಯ ಮೋಟಾರುಗಳು ಇನ್ನೂ ಮೂರು ಇದ್ದವು: ಶಿಗ್ಗಾವಿಯ ಅರಳೆ ಸಾವಕಾರರದು, ಹಾನಗಲ್ಲಿನ ವಕೀಲರದು, ಸವಣೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸಾಹೇಬರದು. ದೀಪಾವಳಿ ಮುಗಿದು ರಸ್ತೆ ಒಣಗಿದ ಮೇಲೆ ಈ ನಾಲ್ವರೂ ಹಾನಗಲ್ಲಿನಲ್ಲಿ ಸೇರಿ, ಸಾಲಾಗಿ ಶಿರಸಿಯ ಕಡೆ ಹೊರಟು, ಘಟ್ಟ ಇಳಿದು, ಕುಮಟೆಯಲ್ಲಿ ಸಮುದ್ರಕ್ಕೆ ಕಾಲು ತೋಯಿಸಿ ತಿರುಗಿ ಬರುತ್ತಿದ್ದರು. ಗುಡ್ಡದ ಚೆಂದ ನೋಡಲು ಹೋಗುತ್ತೇವೆ ಅನ್ನುತ್ತಿದ್ದರು. ಗುಡ್ಡದ ಚೆಂದಕ್ಕಿಂತ ಅದರ ಮೇಲೆ ತಾವು ಬಿಡುವ ಹೊಗೆಯ ಚೆಂದವೇ ಅವರಿಗೆ ಹೆಚ್ಚು ಎಂದು ನನ್ನ ಗುಮಾನಿ. ತಮ್ಮನ್ನು ತಾವು ಮಂಡಳಿ ಎಂದು ಕರೆದುಕೊಳ್ಳುತ್ತಿದ್ದರು. ಊರ ಜನ ಅದಕ್ಕೆ ಮುಂದೊಂದು ಮಾತು ಸೇರಿಸಿ ‘ಖಟಾರಾ ಮಂಡಳಿ’, ಅಂದರೆ ಮುರುಕು ಗಾಡಿಗಳ ಮಂಡಳಿ, ಮಾಡಿದ್ದರು.

ಆ ಮಂಡಳಿಗೆ ಕಾರ್ಯದರ್ಶಿ ನಾನು. ಮ್ಯಾಟ್ರಿಕ್ ಪರೀಕ್ಷೆ ಮೂರು ಸಲ ನನ್ನನ್ನು ಕೆಳಗೆ ಕೆಡವಿತ್ತು. ಅಕ್ಷರ ಮಾತ್ರ ದುಂಡಗಿತ್ತು. ಹೊಟ್ಟೆಯೂ ಮಾವನ ಮನೆಯ ಊಟದಿಂದ ದುಂಡಗಾಗುತ್ತಿತ್ತು. ಇವನಿಗೆ ಏನಾದರೂ ಕೆಲಸ ಹಚ್ಚಬೇಕು ಎಂದು ಮಾವ ಒಂದು ನೋಟುಬುಕ್ಕು ಕೊಟ್ಟು, ಎಲ್ಲಿ ನಿಂತೆವು, ಏನು ನೋಡಿದೆವು ಬರೆ ಎಂದರು. ನಾನು ಆ ದಿನಗಳಲ್ಲಿ ಪತ್ತೇದಾರಿ ಕಾದಂಬರಿಗಳನ್ನು ಊಟದ ಹಾಗೆ ಎರಡು ಹೊತ್ತು ಓದುತ್ತಿದ್ದೆ. ಆದ್ದರಿಂದ ನೋಡಿದ್ದಕ್ಕಿಂತ ಸಂಶಯ ಪಟ್ಟದ್ದನ್ನೇ ಹೆಚ್ಚು ಬರೆದೆ.

ಸಂಶಯಕ್ಕೆ ಆ ಮಂಡಳಿ ಒಳ್ಳೆಯ ಗೊಬ್ಬರ ಹಾಕಿದ ನೆಲ. ಹಳೇ ಮೋಟಾರಿನ ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ, ಒಬ್ಬರ ಗಾಡಿಯದು ಇನ್ನೊಬ್ಬರ ಗಾಡಿಗೆ ಹೊಂದುತ್ತಿತ್ತು. ಹೀಗಾಗಿ ನಾಲ್ವರೂ ಒಂದೇ ಜಮಖಾನೆಯ ಮೇಲೆ ಕುಳಿತು, ಒಂದೇ ಡಬ್ಬಿಯ ಕಡುಬು ತಿನ್ನುತ್ತ, ಒಂದೊಂದು ಕಣ್ಣನ್ನು ತಮ್ಮ ತಮ್ಮ ಬಾನೆಟ್ಟಿನ ಮೇಲೆ ಇಟ್ಟಿರುತ್ತಿದ್ದರು. ಸಾವಕಾರರಂತೂ ನಿಂತಲ್ಲೆಲ್ಲ ಮೊದಲು ತಮ್ಮ ಗಾಡಿಯ ದೀಪದ ಗಾಜು ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಆಮೇಲೆ “ಏನ್ರಿ, ಎಂಥಾ ಛಲೋ ಗಾಳಿ ಐತಿ” ಎನ್ನುತ್ತಿದ್ದರು.

ಈ ನಾಲ್ಕು ಗಾಡಿಗಳನ್ನೂ ನೋಡಿಕೊಳ್ಳಲು ಜೊತೆಗೆ ಬರುತ್ತಿದ್ದವರು ಉಸ್ತಾದ್. ಹೊರಡುವ ಹಿಂದಿನ ದಿನವೇ ಸವಣೂರಿನಿಂದ ಬಸ್ಸಿನಲ್ಲಿ ಹಿರೇಕೆರೂರಿಗೆ ಬಂದು, ಮಾವನ ಗಾಡಿ ನೋಡಿ, ಅದರಲ್ಲೇ ಹಿಂದಿನ ಸೀಟಿನಲ್ಲಿ ಹತ್ಯಾರಗಳ ಪೆಟ್ಟಿಗೆಯ ಪಕ್ಕ ಕೂಡುತ್ತಿದ್ದರು. ಮುಂದೆ ಸ್ಟೇರಿಂಗಿನ ಹಿಂದೆ ಮಾವ, ಪಕ್ಕದಲ್ಲಿ ನೋಟುಬುಕ್ಕಿನ ಸಮೇತ ನಾನು.

ಆಳು ತೆಳ್ಳಗೆ, ಉದ್ದಕ್ಕೆ. ಮೈಮೇಲೆ ಎಂಟು ಜೇಬಿನ ಒಂದು ಖಾಕಿ ಕೋಟು. ಆ ಜೇಬುಗಳಿಂದ ಏನು ಹೊರಡುತ್ತದೆ ಎಂದು ಹೇಳುವ ಹಾಗಿರಲಿಲ್ಲ. ಒಂದು ಸಲ ಪೆಟ್ರೋಲ್ ಟಾಕಿ ಸೋರಿದಾಗ ಮೈಗೆ ಹಚ್ಚುವ ಸಬಕಾರ ತೆಗೆದು ತಿಕ್ಕಿ ಮುಚ್ಚಿದರು. ಇನ್ನೊಂದು ಸಲ ಸವಣೂರಿನ ಒಂದು ವೀಳ್ಯದೆಲೆ ತೆಗೆದು, ಅರ್ಧ ಬಾಯಿಗೆ ಹಾಕಿಕೊಂಡು, ಉಳಿದ ಅರ್ಧವನ್ನು ಯಾವುದೋ ನಳಿಗೆಗೆ ಸುತ್ತಿದರು. ಹೊರಡುವ ಮುಂಚೆ ಪ್ರತಿ ಸಲ ನಮ್ಮ ಅತ್ತೆಯ ಹತ್ತಿರ ಒಂದು ಮುಷ್ಟಿ ಅರಿಷಿಣ ಪುಡಿ ಕೇಳುತ್ತಿದ್ದರು. ಅರಿಷಿಣ, ಜೊತೆಗೆ ಘಟ್ಟದ ಮೇಲೆ ಒಡೆಯುವ ತೆಂಗಿನಕಾಯಿ! ನಾನು ನೋಟುಬುಕ್ಕಿನಲ್ಲಿ ‘ಮಾಟ?’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಅದು ರೇಡಿಯೇಟರಿನ ಸಣ್ಣ ತೂತು ಮುಚ್ಚುವ ಉಪಾಯ ಎಂದು ತಿಳಿದಾಗ ಒಂದು ಗೆರೆ ಮಾತ್ರ ಅಳಿಸಿದೆ.

ಇಂಜಿನ್ನಿನ ಮೈಮೇಲೆ ಸ್ಕ್ರೂ ಡ್ರೈವರಿನ ತುದಿ ಇಟ್ಟು, ಹಿಡಿಕೆಯನ್ನು ಕಿವಿಗೆ ಹಚ್ಚಿಕೊಂಡು ಕೇಳುವುದು ಅವರ ಪದ್ಧತಿ. ಆಗ ಸುತ್ತ ಯಾರೂ ಉಸಿರಾಡುವಂತಿಲ್ಲ. ಮಾವ ತಮ್ಮ ಸ್ಟೆತಾಸ್ಕೋಪು ಹಿಡಿದ ಹಾಗೇ ಗಂಭೀರವಾಗಿ ಪಕ್ಕದಲ್ಲಿ ನಿಂತು ಕೇಳುತ್ತಿದ್ದರು:

“ಏನ್ ಡಾಕ್ಟರ್ರ, ಹೆಂಗದಾಳ ಪೇಶಂಟು?”

“ಎದ್ಯಾಗ ಸ್ವಲ್ಪ ಕಫ ಐತ್ರಿ ಸಾಹೇಬ್ರ. ಜೀವಕ್ಕೇನ ಧೋಕಾ ಇಲ್ಲ.”

ಇಬ್ಬರೂ ನಗುತ್ತಿರಲಿಲ್ಲ. ಅದೇ ನನಗೆ ಸಂಶಯ.

ವಕೀಲರ ಹತ್ತಿರ ಒಂದು ಡಬ್ಬಿ ಕ್ಯಾಮೆರಾ ಇತ್ತು. ಪ್ರತಿ ವರ್ಷ ಘಟ್ಟದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಉಸ್ತಾದ್ ಒಂದರಲ್ಲೂ ಸರಿಯಾಗಿ ಇಲ್ಲ. ಒಂದರಲ್ಲಿ ಗಾಡಿಯ ಕೆಳಗಿನಿಂದ ಎರಡು ಚಪ್ಪಲಿ ಕಾಣುತ್ತವೆ. ಇನ್ನೊಂದರಲ್ಲಿ ಬಾನೆಟ್ಟಿನ ಹಿಂದೆ ಒಂದು ಮೊಣಕೈ. ‘ಮುಖ ತೋರಿಸಲು ಅಂಜುವ ಮನುಷ್ಯ’ ಎಂದು ಬರೆದುಕೊಂಡೆ. ಕೆಲಸ ಮಾಡುವವನು ಫೋಟೋಕ್ಕೆ ನಿಂತರೆ ಗಾಡಿ ಯಾರು ನೋಡಬೇಕು ಎಂಬುದು ನನ್ನಂಥ ಕೆಲಸವಿಲ್ಲದವನಿಗೆ ಹೊಳೆಯುವ ಮಾತಲ್ಲ.

ಎಲ್ಲಕ್ಕಿಂತ ಹೆಚ್ಚು ಸಂಶಯ ಹುಟ್ಟಿಸಿದ್ದು ಅವರ ಕೆಮ್ಮು. ಮನೆಯಲ್ಲಿ ಕೆಮ್ಮುತ್ತಿರಲಿಲ್ಲ, ಊಟಕ್ಕೆ ಕುಳಿತಾಗ ಕೆಮ್ಮುತ್ತಿರಲಿಲ್ಲ. ಗಾಡಿ ಓಡುತ್ತಿರುವಾಗ ಮಾತ್ರ ಹಿಂದಿನ ಸೀಟಿನಿಂದ ಒಮ್ಮೆ ಒಂದು, ಒಮ್ಮೆ ಎರಡು ಕೆಮ್ಮು. ನಾನು ಅದಕ್ಕೂ ಒಂದು ಪುಟ ತೆಗೆದಿಟ್ಟೆ. ‘ಚಿಕ್ಕೇರೂರು ದಾಟಿದ ಮೇಲೆ ಒಂದು. ಹಾನಗಲ್ಲಿನ ಸಂತೆ ಹತ್ತಿರ ಎರಡು, ಮತ್ತೆ ಒಂದು, ಮತ್ತೆ ಎರಡು. ಶಿರಸಿಯ ಕಾಡಿನಲ್ಲಿ ಲೆಕ್ಕ ತಪ್ಪಿತು.’ ಕಾಡಿನಲ್ಲಿ ಇವರ ಕಡೆಯವರು ಅಡಗಿರಬೇಕು, ಅವರಿಗೆ ಇದು ಸನ್ನೆ, ಎಂದು ತೀರ್ಮಾನ ಮಾಡಿದೆ. ಓಡುವ ಮೋಟಾರಿನ ಸದ್ದಿನಲ್ಲಿ ಹಿಂದಿನ ಸೀಟಿನ ಕೆಮ್ಮು ಕಾಡಿನ ಕಳ್ಳರಿಗೆ ಹೇಗೆ ಕೇಳಬೇಕು ಎಂದು ನನ್ನನ್ನು ಕೇಳಬೇಡಿ. ಪರೀಕ್ಷೆಯಲ್ಲೂ ನಾನು ಹೀಗೇ ಉತ್ತರ ಬರೆದಿದ್ದೆ.

ನನಗೆ ಅವರ ಮೇಲೆ ಸ್ವಂತ ಸಿಟ್ಟೂ ಒಂದು ಇತ್ತು, ಮುಚ್ಚಿಡುವುದಿಲ್ಲ. ನನಗೂ ಮೋಟಾರು ಕಲಿಸಿ ಎಂದು ಮಾವನಿಗೆ ಗಂಟು ಬಿದ್ದಿದ್ದೆ, ಮಾವ ಉಸ್ತಾದರಿಗೆ ಹೇಳಿದ್ದರು. ಅವರು ನನ್ನನ್ನು ಊರ ಹೊರಗಿನ ಬಯಲಿಗೆ ಕರೆದುಕೊಂಡು ಹೋದರು. ಮೈಲುಗಟ್ಟಲೆ ಬಯಲಿನಲ್ಲಿ ಇದ್ದದ್ದು ಒಂದೇ ಒಂದು ಬಣವೆ. ನಾನು ಅದನ್ನು ತಪ್ಪಿಸಲೇಬೇಕು ಎಂದು ಅದನ್ನೇ ನೋಡುತ್ತ, ನೋಡುತ್ತ, ಸೀದಾ ಅದರ ಹೊಟ್ಟೆಯೊಳಗೆ ಹೋದೆ. ಗಾಡಿಯ ಹಿಂಭಾಗ ಮಾತ್ರ ಹೊರಗೆ ಉಳಿಯಿತು. ಉಸ್ತಾದ್ ಬೈಯಲಿಲ್ಲ. ಕೆಳಗಿಳಿದು ಒಂದೊಂದೇ ಹುಲ್ಲಿನ ಎಳೆ ರೇಡಿಯೇಟರಿನಿಂದ ಕೀಳುತ್ತ, ಬಹಳ ವಿನಯದಿಂದ ಕೇಳಿದರು:

“ಗಾಡಿಗೆ ಹಸಿವಿ ಆಗಿತ್ತೇನ್ರಿ ತಮ್ಮಾ?”

ಈ ಮಾತು ಸಂಜೆಯೊಳಗೆ ಹಿರೇಕೆರೂರನ್ನೆಲ್ಲ ಸುತ್ತಿತು. ನಾನು ಪೇಟೆಯಲ್ಲಿ ಹೋದರೆ ಹುಡುಗರು ಹುಲ್ಲಿನ ಕಟ್ಟು ತೋರಿಸುತ್ತಿದ್ದರು.

ಇನ್ನು ಮುಖ್ಯ ಸಂಗತಿ. ಮಾವನ ಗಾಡಿ ಹಿರೇಕೆರೂರಿನಿಂದ ಶಿರಸಿಯ ತನಕ ಕುದುರೆಯ ಹಾಗೆ ಬರುತ್ತಿತ್ತು. ಶಿರಸಿಯಲ್ಲಿ ವಸ್ತಿ ಮಾಡಿ, ಬೆಳಿಗ್ಗೆ ಎದ್ದು, ಘಟ್ಟದ ತಲೆಯ ಮೇಲಿನ ದೇವಿಯ ಗುಡಿಯ ಹತ್ತಿರ ಎಲ್ಲ ಗಾಡಿಗಳೂ ನಿಲ್ಲುತ್ತಿದ್ದವು. ಆ ದಾರಿಯಲ್ಲಿ ಇಳಿಯುವವರೆಲ್ಲ ಅಲ್ಲಿ ಕಾಯಿ ಒಡೆಸಿಯೇ ಮುಂದೆ ಹೋಗುವುದು. ಕಾಯಿ ಒಡೆಸಿ ಬಂದು ಚಾಲೂ ಮಾಡಲು ಹ್ಯಾಂಡಲ್ ಹೊಡೆದರೆ, ಉಳಿದ ಮೂರು ಗಾಡಿ ಸರಿಯಾಗಿ ಗುರುಗುಡುತ್ತಿದ್ದವು. ಮಾವನದು ಮಾತ್ರ ಕುಂಟುತ್ತಿತ್ತು. ಉಸ್ತಾದ್ ಕಿವಿ ಹಚ್ಚಿ ಕೇಳಿ ತಲೆ ಅಲ್ಲಾಡಿಸುತ್ತಿದ್ದರು.

“ಸಾಹೇಬ್ರ, ಈಕಿ ಘಟ್ಟ ಕಂಡ ಕೂಡ್ಲೇ ಹಟ ಮಾಡ್ತಾಳ್ರಿ. ನೀವ ಬಾಜೂಕ ಕುಂದರ್ರಿ. ನಾ ಇಳಸ್ತೇನಿ.”

ಮಾವ ಸ್ವಲ್ಪ ಗೊಣಗಿ ಪಕ್ಕಕ್ಕೆ ಸರಿಯುತ್ತಿದ್ದರು. ನಾನು ಹಿಂದಿನ ಸೀಟಿಗೆ. ಉಸ್ತಾದ್ ಕೈ ಒರೆಸಿಕೊಂಡು ಸ್ಟೇರಿಂಗ್ ಹಿಡಿದು, ಆ ಕುಂಟುವ ಗಾಡಿಯನ್ನೇ ಹಸುಗೂಸಿನ ಹಾಗೆ ಕೆಳಗೆ ಇಳಿಸುತ್ತಿದ್ದರು. ಘಟ್ಟದ ಬುಡದ ಕತಗಾಲದಲ್ಲಿ ನಿಲ್ಲಿಸಿ ಬಾನೆಟ್ಟು ಎತ್ತಿದರೆ, ಒಂದು ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತಿನಲ್ಲಿ ರಿಪೇರಿ ಮುಗಿಯುತ್ತಿತ್ತು. ಹೀಗೆ ಎರಡು ವರ್ಷ ನಡೆದದ್ದನ್ನು ನಾನೇ ಕಂಡೆ.

ಇದನ್ನು ಶಿಗ್ಗಾವಿಯ ಸಾವಕಾರರ ಮುಂದೆ ಹೇಳಿದೆ. ಅವರು ಕಿವಿಯಲ್ಲಿ ಪಿಸುಗುಟ್ಟಿದರು: “ಲೇ ಹುಡುಗಾ, ಹತ್ತೀಗಂಟ ನೋಡಿ ಕಾಳ ಹೇಳಾವ ನಾ. ಅಂವಾ ಡಾಕ್ಟರ ಗಾಡೀನ ಕೆಡಿಸಿ ಕೆಡಿಸಿ, ಬ್ಯಾಸರಾಗಿ ಮಾರೂ ಹಂಗ ಮಾಡಾಕತ್ತಾನ. ಆಮ್ಯಾಲೆ ತಾನ ಹೊಡ್ಕೊಂತಾನ.”

ನಾನು ತಕ್ಷಣ ನಂಬಿದೆ. ಏಕೆಂದರೆ ಉಸ್ತಾದ್ ಮಾವನಿಗೆ “ಸಾಹೇಬ್ರ, ಸಾಕ್ರಿ ಇನ್ನ. ಈಕೀನ್ನ ಯಾರಿಗರ ಕೊಟ್ಟಬಿಡ್ರಿ” ಎಂದದ್ದನ್ನು ನಾನು ನನ್ನ ಕಿವಿಯಿಂದಲೇ ಕೇಳಿದ್ದೆ. ಎಲ್ಲ ಎಳೆಗಳೂ ಸೇರಿದವು. ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ನಾನೇ ನಿಂತಿದ್ದೆ.

ಮೂರನೆಯ ವರ್ಷ ಘಟ್ಟದ ತಲೆಯ ಮೇಲೆ ಎಲ್ಲರೂ ಗುಡಿಯೊಳಗೆ ಹೋದರು. ನಾನು ಹೊಟ್ಟೆನೋವು ಎಂದು ಹೇಳಿ ಮರದ ಹಿಂದೆ ಕುಳಿತೆ. ಉಸ್ತಾದ್ ಸುತ್ತ ನೋಡಿದರು. ಬಾನೆಟ್ಟಿನ ಒಂದು ಪಕ್ಕ ಎತ್ತಿದರು. ಎರಡು ಬೆರಳಿನಿಂದ ಪ್ಲಗ್ಗಿನ ಒಂದು ವಾಯರು ಹಿಡಿದು, ಪೂರಾ ಕೀಳದೆ, ಸಡಿಲ ಮಾಡಿದರು. ಮುಚ್ಚಿದರು. ಕೈ ಒರೆಸಿಕೊಂಡರು. ಅಷ್ಟರಲ್ಲಿ ಕಾಯಿ ಒಡೆಸಿಕೊಂಡು ಎಲ್ಲರೂ ಹೊರಗೆ ಬಂದರು, ನಾನು ಹಾರಿದೆ, ಸೆಗಣಿ ಸಿಕ್ಕಿತು. ಮುಂದಿನದು ಮೊದಲೇ ಹೇಳಿದ್ದೇನೆ.

“ಪೆಟ್ಟಾತೇನ್ರಿ?” ಎಂದು ಅವರು ನನ್ನ ತೋಳು ಹಿಡಿದರು.

“ಮುಟ್ಟಬ್ಯಾಡ ನನ್ನ! ಮಾವಾ, ಈಗ ಇಂವಾ ವಾಯರ ಎಳದಾ. ನಾ ಕಣ್ಣಾರೆ ನೋಡೇನಿ. ಪ್ರತಿ ವರ್ಷ ಇವನ ಎಳೀತಾನ!”

ಸಾವಕಾರರು ಮುಂದೆ ಬಂದರು. “ಏನಪಾ ಉಸ್ತಾದ, ಹುಡುಗ ಅನ್ನೂದು ಖರೇ ಏನ?”

ಉಸ್ತಾದ್ ಸಾವಕಾರರನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಮಾವನ ಮುಖ ನೋಡಿದರು. ಮಾವ ಕೈಯಲ್ಲಿದ್ದ ಒಡೆದ ಕಾಯಿಯ ಹೋಳನ್ನು ನೋಡುತ್ತಿದ್ದರು.

“ಹೌದ್ರಿ,” ಎಂದರು ಉಸ್ತಾದ್. “ನಾನ ಎಳದೇನಿ.”

“ಯಾಕ?”

ಉಸ್ತಾದ್ ಕೈ ಒರೆಸಿದ ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಸಾವಕಾರರೇ ದನಿ ಏರಿಸಿದರು:

“ಯಾಕಂತ ನಾ ಹೇಳ್ಲೇನು? ಗಾಡಿ ಹೊಡ್ಕೊಳ್ಳಾಕ! ನಮ್ಮ ಗಾಡಿಗೆಲ್ಲಾ ಇನ್ನ ಏನೇನ ಮಾಡಿಯೋ ಯಾರಿಗೆ ಗೊತ್ತು? ವಕೀಲರ, ನಿಮ್ಮ ಗಾಡಿ ನೋಡ್ಕೋರಿ ಮೊದ್ಲ!”

ವಕೀಲರು ಓಡಿಹೋಗಿ ತಮ್ಮ ಬಾನೆಟ್ಟು ಎತ್ತಿದರು. ಬಟ್ಟೆ ಅಂಗಡಿಯ ಸಾಹೇಬರು, ಉಸ್ತಾದರ ಓಣಿಯವರೇ, ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಮಾವ ಮಾತಾಡಲೇ ಇಲ್ಲ.

ಉಸ್ತಾದ್ ನಮ್ಮ ಗಾಡಿಯ ಹತ್ತಿರ ಹೋಗಿ, ಎಲ್ಲರಿಗೂ ಕಾಣುವ ಹಾಗೆ ಆ ವಾಯರನ್ನು ಗಟ್ಟಿಯಾಗಿ ಕೂಡಿಸಿದರು. ಹತ್ಯಾರಗಳ ಪೆಟ್ಟಿಗೆ ಹಾಗೇ ಬಿಟ್ಟು ತಮ್ಮ ಬಟ್ಟೆಯ ಗಂಟು ಮಾತ್ರ ಎತ್ತಿಕೊಂಡರು. ಶಿರಸಿಯ ಕಡೆ ಹೊರಟವರು ನನ್ನ ಹತ್ತಿರ ಒಂದು ಕ್ಷಣ ನಿಂತರು.

“ತಮ್ಮಾ, ಮುಂದಿನ ಸೀಟಿನ್ಯಾಗ ಕುಂದರ್ರಿ. ಕಣ್ಣ ತಗದ ಕುಂದರ್ರಿ.”

ಇದು ಬೆದರಿಕೆ ಎಂದುಕೊಂಡೆ. ನೋಟುಬುಕ್ಕಿನಲ್ಲಿ ಬರೆದುಕೊಂಡೂ ಬಿಟ್ಟೆ.

“ಇನ್ನೇನ್ ಡಾಕ್ಟರ್ರ,” ಎಂದರು ಸಾವಕಾರರು ಹುರುಪಿನಿಂದ. “ಗಾಡೀಗೆ ಏನೂ ಆಗಿಲ್ಲ. ಹೊಡೀರಿ, ನೀವ ಮುಂದ. ನಿಮ್ಮ ಹಿಂದ ನಾವು.”

ನಾನು ಹ್ಯಾಂಡಲ್ ಹೊಡೆದೆ. ಗಾಡಿ ಒಂದೇ ಹೊಡೆತಕ್ಕೆ ಚಾಲೂ ಆಯಿತು. ಇಷ್ಟು ಸರಿಯಾಗಿ ಚಾಲೂ ಆದ ಗಾಡಿಯನ್ನು ಅಷ್ಟು ಸಪ್ಪೆ ಮುಖದಿಂದ ಹತ್ತಿದವರನ್ನು ನಾನು ನೋಡಿರಲಿಲ್ಲ. ಮಾವ ಸ್ಟೇರಿಂಗನ್ನು ಎರಡೂ ಕೈಯಿಂದ ಹಿಡಿದರು.

ಮೊದಲ ತಿರುವು ಬಿಸಿಲಿನಲ್ಲಿತ್ತು, ಸರಿಯಾಗಿ ಇಳಿದೆವು. ನಾನು ವಿಜಯದ ಸಂಭ್ರಮದಲ್ಲಿ ಪ್ರಸಾದದ ಕೊಬ್ಬರಿ ಅಗಿಯುತ್ತಿದ್ದೆ. ಎರಡನೆಯ ತಿರುವಿನಲ್ಲಿ ಗಾಡಿ ಬಿಸಿಲಿನಿಂದ ಒಮ್ಮೆಲೇ ದಟ್ಟ ನೆರಳಿಗೆ ಹೊಕ್ಕಿತು. ಎಡಗಡೆಯ ಕಾಡುಹಾದಿಯಿಂದ ಕಟ್ಟಿಗೆ ಹೇರಿದ ಒಂದು ಚಕ್ಕಡಿ ಹೊರಬರುತ್ತಿತ್ತು. ಎತ್ತಿನ ಕೋಡು ನನಗೆ ಕಾಣುತ್ತಿದೆ. ಎತ್ತಿನ ಕಣ್ಣು ಕಾಣುತ್ತಿದೆ. ಮಾವ ಸೀದಾ ಹೋಗುತ್ತಿದ್ದಾರೆ. ಕೂಗಬೇಕೆಂದು ಬಾಯಿ ತೆರೆದೆ, ಕೊಬ್ಬರಿ ಗಂಟಲಿಗೆ ಸಿಕ್ಕಿತು, ಕೆಮ್ಮಿದೆ.

ಕೆಮ್ಮಿದ್ದೇ ತಡ, ಮಾವ ಬ್ರೇಕು ಒತ್ತಿ ಗಾಡಿಯನ್ನು ಬಲಕ್ಕೆ ಎಳೆದರು. ಎತ್ತಿನ ಉಸಿರು ನನ್ನ ಕಿವಿಗೆ ತಾಗಿತು.

“ಮಾವಾ! ಚಕ್ಕಡಿ ಕಾಣ್ಲಿಲ್ಲೇನು?”

“ಇಲ್ಲ.”

“ಇಲ್ಲ ಅಂದ್ರ?”

“ಇಲ್ಲ ಅಂದ್ರ ಇಲ್ಲೋ. ಬಾಜೂದ್ದು ಕಾಣೂದಿಲ್ಲ ನನಗ. ಬಿಸಲಿಂದ ನೆರಳಿಗೆ ಬಂದ್ರಂತೂ ಏನೂ ಕಾಣೂದಿಲ್ಲ. ಮೂರ ವರ್ಷ ಮ್ಯಾಲಾತು.”

“ನಿಲ್ಲಸ್ರಿ ಗಾಡಿ!”

“ನಿಲ್ಲಸಿದ್ರ ಹಿಂದಿನವರು ಯಾಕಂತ ಕೇಳ್ತಾರ. ನೀ ಹೊಡೀತೀಯೇನು? ಇಲ್ಲಿ ಬಣವಿ ಇಲ್ಲ, ಕಂದಕ ಐತಿ.” ಮಾವ ಹಲ್ಲು ಕಚ್ಚಿಕೊಂಡೇ ಮಾತಾಡುತ್ತಿದ್ದರು. “ಕೆಮ್ಮೋ. ಎಡಕ್ಕಿದ್ರ ಒಂದ, ಬಲಕ್ಕಿದ್ರ ಎರಡ. ಎದುರಿಂದು ನನಗ ಕಾಣತೈತಿ, ಬಾಯಿ ಮುಚ್ಕೊಂಡಿರು. ಹೂಂ, ಕೆಮ್ಮು!”

ನಾನು ಕೆಮ್ಮಿದೆ. ದೇವಿಮನೆಯಿಂದ ಕತಗಾಲದ ತನಕ ಕೆಮ್ಮಿದೆ. ಎಡಕ್ಕೆ ಒಂದು, ಬಲಕ್ಕೆ ಎರಡು. ಹಂಚು ಹೇರಿಕೊಂಡು ಮೇಲೆ ಬರುತ್ತಿದ್ದ ಲಾರಿಯೊಂದಕ್ಕೆ ಗಾಬರಿಯಲ್ಲಿ ಏಳು ಸಲ ಕೆಮ್ಮಿ, ಯಾವ ಕಡೆಗೆ ಅಂತ ಮಾವನಿಂದ ಬೈಸಿಕೊಂಡೆ. ಒಂದು ತಿರುವಿನಲ್ಲಿ ಎಡಗೈ ಯಾವುದು ಎಂಬುದೇ ಮರೆತು, ಊಟ ಮಾಡುವ ಕೈ ಯಾವುದು ಎಂದು ನೆನಪಿಸಿಕೊಂಡು, ಆಮೇಲೆ ಕೆಮ್ಮಿದೆ. ಮುಂದಿನ ಗಾಲಿ ಕಲ್ಲುಕಟ್ಟೆಯನ್ನು ಸವರಿಕೊಂಡು ಹೋಯಿತು, ಆ ಕಲ್ಲಿನ ಆಚೆ ಮರಗಳ ತುದಿ ಮಾತ್ರ ಕಾಣುತ್ತಿತ್ತು. ಗುಡ್ಡದ ಚೆಂದ ಆ ವರ್ಷ ನಾನು ನೋಡಲಿಲ್ಲ.

ಕತಗಾಲದಲ್ಲಿ ಇಳಿದಾಗ ನನಗೆ ದನಿಯೇ ಇರಲಿಲ್ಲ. ಸಾವಕಾರರು ಹತ್ತಿರ ಬಂದು ನನ್ನನ್ನು ಕೆಳಗೂ ಮೇಲೂ ನೋಡಿದರು. “ಡಾಕ್ಟರ್ರ, ಈ ಹುಡುಗನ ಎದಿ ತಪಾಸ ಮಾಡಸ್ರಿ. ಎಲ್ಲರೊಳಗ ಕುಂದ್ರಸಬ್ಯಾಡ್ರಿ.” ಆಮೇಲೆ ಊಟಕ್ಕೆ ನನಗೆ ಬೇರೆ ತಾಟು ಬಂತು.

ಎಲ್ಲರೂ ಹೊಳೆಗೆ ಕೈಕಾಲು ತೊಳೆಯಲು ಹೋದಾಗ ಮಾವ ನನ್ನನ್ನು ಪಕ್ಕಕ್ಕೆ ಕರೆದರು.

“ನಾ ಅವಗ ಹೇಳಿಲ್ಲ. ಅಂವಾ ನನಗ ಕೇಳಿಲ್ಲ,” ಎಂದರು. “ಒಂದ್ಸಲ ಎಮ್ಮಿ ಅಡ್ಡ ಬಂದಾಗ ಕೆಮ್ಮಿದಾ, ನಾ ಬ್ರೇಕ್ ಹಾಕಿದೆ. ಅಲ್ಲಿಂದ ಹಂಗ ನಡದ ಬಂತು. ಘಟ್ಟದಾಗ ಕೆಮ್ಮ ಸಾಲೂದಿಲ್ಲಂತ ಅಂವಗ ಗೊತ್ತು. ಅದಕ್ಕ ವಾಯರ ಎಳೀತಿದ್ದ. ಎಳೀಲಿ ಅಂತ ನಾ ಗುಡಿಯೊಳಗ ಒಂದ ಸುತ್ತ ಹೆಚ್ಚಿಗಿ ಹಾಕ್ತಿದ್ದೆ.”

“ಮತ್ತ ಮ್ಯಾಲೆ ಯಾಕ ಸುಮ್ನಿದ್ರಿ ಮಾವಾ? ಅಂವಾ ಕಳ್ಳ ಅಲ್ಲ ಅನ್ಬೇಕಿತ್ತು!”

“ಅಂದ್ರ ಯಾಕಂತ ಹೇಳಬೇಕಾಗ್ತಿತ್ತು. ಸೂಜಿ ಹಾಕೂ ಕೈ ನಂದು. ಕಣ್ಣಿಲ್ಲದ ಡಾಕ್ಟರ್ ಕಡೆ ಯಾರ ಬರ್ತಾರ?” ಮಾವ ಹೊಳೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಈ ಮಾತ ನಿನ್ನ ಹೊಟ್ಟ್ಯಾಗ ಇರ್ಲಿ.”

ಹೊಟ್ಟೆಯಲ್ಲಿ ಇಟ್ಟುಕೊಂಡೆ. ಮಾವ ಕೈ ಉಳುಕಿದೆ ಎಂದು ಹೇಳಿ, ಕುಮಟೆಯಿಂದ ಒಬ್ಬ ಡ್ರೈವರನ್ನು ಗೊತ್ತು ಮಾಡಿಕೊಂಡು ಊರು ಸೇರಿದರು. ಮುಂದಿನ ಯುಗಾದಿಯ ಒಳಗೆ ಹಸಿರು ಗಾಡಿಯನ್ನು ಮಾರಿಬಿಟ್ಟರು. ಕೊಂಡವರು ಉಸ್ತಾದ್ ಅಲ್ಲ, ಶಿಗ್ಗಾವಿಯ ಸಾವಕಾರರು.

ಅಷ್ಟರಲ್ಲಿ ಕತೆ ಶಿಗ್ಗಾವಿಯ ಅರಳೆ ಪೇಟೆಯಲ್ಲಿ ಹುಟ್ಟಿ, ಬಂಕಾಪುರ ದಾಟಿ, ಹಾನಗಲ್ಲಿನ ಕೋರ್ಟಿನ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡು ದಪ್ಪವಾಗಿತ್ತು. ನಾನು ಸೆಗಣಿಯ ಮೇಲೆ ಬಿದ್ದದ್ದು ಕಳ್ಳ ನನ್ನನ್ನು ನೂಕಿದ್ದಾಗಿ ಬದಲಾಗಿತ್ತು. ಹಿರೇಕೆರೂರಿನ ಹುಡುಗರು ಹುಲ್ಲಿನ ಕಟ್ಟು ತೋರಿಸುವುದನ್ನು ಬಿಟ್ಟು ನನಗೆ ಸಲಾಮು ಹೊಡೆಯತೊಡಗಿದರು. ಅಷ್ಟು ನಾಚಿಕೆ ನನಗೆ ಬಣವೆಯಿಂದಲೂ ಆಗಿರಲಿಲ್ಲ.

ಘಟ್ಟದಿಂದ ಬಂದು ತಿಂಗಳು ಕಳೆದ ಮೇಲೆ ಸವಣೂರಿಗೆ ಹೋದೆ, ಅವರು ಬಿಟ್ಟುಹೋದ ಹತ್ಯಾರಗಳ ಪೆಟ್ಟಿಗೆ ಹೊತ್ತುಕೊಂಡು. ಅವರ ತಗಡಿನ ಶೆಡ್ಡಿನ ಮುಂದೆ ಯಾವಾಗಲೂ ಮೂರು ನಾಲ್ಕು ಮೋಟಾರು ನಿಂತಿರುತ್ತಿದ್ದವು. ಆ ದಿನ ಎರಡು ಸೈಕಲ್ಲು, ಒಂದು ನೀರೆತ್ತುವ ಇಂಜಿನ್ನು ಇದ್ದವು. ಉಸ್ತಾದ್ ಸೈಕಲ್ಲಿನ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು, ನನ್ನ ಹಿಂದೆ ರಸ್ತೆಯನ್ನೂ ನೋಡಿದರು.

“ಯಾರ ಕಳಿಸ್ಯಾರ್ರಿ ನಿಮ್ಮನ್ನ?”

“ಯಾರೂ ಇಲ್ರಿ. ನಾನ ಬಂದೇನಿ.”

“ಏನ ನೋಡಾಕ ಬಂದ್ರಿ? ಬುಕ್ಕ ತಂದೀರೇನ?”

ಇಷ್ಟು ದಿನ ನಾನು ಅವರನ್ನು ನೋಡುತ್ತಿದ್ದ ಹಾಗೆ ಅವರು ನನ್ನನ್ನು ನೋಡುತ್ತಿದ್ದರು. ಪೆಟ್ಟಿಗೆ ತೆರೆದು ಒಂದೊಂದೇ ಹತ್ಯಾರ ಎಣಿಸಿದರು. ನಾನು ಕೈ ಮುಗಿದು, ನನಗೆ ಎಲ್ಲ ಗೊತ್ತಾಗಿದೆ, ನಾಳೆಯೇ ಶಿಗ್ಗಾವಿಗೆ ಹೋಗಿ ಎಲ್ಲರ ಮುಂದೆ ಹೇಳುತ್ತೇನೆ ಎಂದೆ.

“ಏನಂತ ಹೇಳ್ತೀರಿ? ಉಸ್ತಾದ ಕಳ್ಳ ಅಲ್ಲ, ಡಾಕ್ಟರ್ ಸಾಹೇಬ್ರಿಗೆ ಕಣ್ಣಿಲ್ಲ, ಅಂತ?”

ನಾನು ತಲೆ ತಗ್ಗಿಸಿದೆ.

“ಬ್ಯಾಡ್ರಿ. ಸಾಹೇಬ್ರ ದವಾಖಾನಿ ನಡೀಲಿ.”

“ನಿಮ್ಮ ಶೆಡ್ಡು?”

“ಸೈಕಲ್ ಬರ್ತಾವಲ್ಲ.” ಟ್ಯೂಬನ್ನು ಮತ್ತೆ ಅದ್ದಿದರು. “ನಾ ಗಾಡಿ ಸಂಬಾಳಸಾಕ ಬರ್ತಿದ್ನಿ ತಮ್ಮಾ. ಗಾಡಿ ಅಂದ್ರ ಒಳಗ ಕುಂತಾವ್ರೂ ಬಂದ್ರು. ನೀವೂ ಬಂದ್ರಿ.” ಗುಳ್ಳೆ ಎದ್ದ ಜಾಗಕ್ಕೆ ಬೆರಳು ಒತ್ತಿ ಎಂದರು: “ನಿಮಗ ಚಾ ತರಸಬೇಕು. ಮನಸ ಆಗವಲ್ದು. ಸಿಟ್ಟಾಗಬ್ಯಾಡ್ರಿ.”

ನಾನು ಯಾಕೆ ಸಿಟ್ಟಾಗಲಿ? ಅವರಿಗೆ ನನ್ನ ಮೇಲೆ ಸಿಟ್ಟು ಇದೆ ಎಂಬುದೇ ಆ ದಿನ ನನಗೆ ಸಿಕ್ಕ ಸಮಾಧಾನ.

ಮುಂದೆ ಐದಾರು ವರ್ಷ, ಸವಣೂರಿನ ಮೇಲೆ ಬಸ್ಸು ಹೋದಾಗಲೆಲ್ಲ ಕಿಟಕಿಯಿಂದ ಶೆಡ್ಡು ನೋಡುತ್ತಿದ್ದೆ. ಒಂದು ಸಲ ಶೆಡ್ಡಿನ ಮುಂದೆ ಒಂದು ಮೋಟಾರು ನಿಂತದ್ದು ಕಂಡು ಬಸ್ಸಿನಲ್ಲೇ ಚಪ್ಪಾಳೆ ತಟ್ಟಿದೆ. ಅದು ದಾರಿ ಕೇಳಲು ನಿಂತದ್ದಂತೆ. ಮಾವ ಪ್ರತಿ ದೀಪಾವಳಿಗೆ ಅವರಿಗೆ ಬರ ಹೇಳಿ ಕಳಿಸುತ್ತಿದ್ದರು. ಅವರು ಬರಲಿಲ್ಲ. ಮಾವ ಹೋಗಲಿಲ್ಲ.

ಈ ವರ್ಷ ಮಾವ ಎದುರಿನದೂ ಕಾಣದಾಗಿ ದವಾಖಾನೆ ಮುಚ್ಚಿದರು. ಮುಚ್ಚಿದ ದಿನವೇ ನನ್ನನ್ನು ಕರೆದು, “ಇನ್ನ ಹೇಳಾಕ ಅಡ್ಡಿ ಇಲ್ಲ, ಸವಣೂರಿಗೆ ಹೋಗಿ ಅವಗ ಹೇಳಿ ಬಾ” ಎಂದರು. ಸುಗ್ಗಿ, ಮದುವೆ, ನನ್ನ ಸೋಮಾರಿತನ, ಎಲ್ಲ ಸೇರಿ ಮೂರು ವಾರ ತಡವಾಯಿತು. ಹೋದಾಗ ಅವರು ಹೋಗಿ ಎಂಟು ದಿನವಾಗಿತ್ತು.

ಅವರ ಹೆಂಡತಿ ಹೊಸ್ತಿಲ ಒಳಗೆ ಚಾಪೆಯ ಮೇಲೆ ಕುಳಿತು ವೀಳ್ಯದೆಲೆ ಎಣಿಸಿ ಕಟ್ಟು ಕಟ್ಟುತ್ತಿದ್ದರು. ನಾನು ಹೊರಗೆ ನಿಂತು ಎಲ್ಲ ಹೇಳಿದೆ: ವಾಯರು, ಕೆಮ್ಮು, ಮಾವನ ಕಣ್ಣು, ನನ್ನ ನೋಟುಬುಕ್ಕು. ಉಸ್ತಾದ್ ಕಳ್ಳರಲ್ಲ, ಅಂಥ ಮನುಷ್ಯ ಈ ನಾಲ್ಕು ತಾಲೂಕಿನಲ್ಲಿ ಇರಲಿಲ್ಲ ಎಂದು ಅತ್ತೂ ಬಿಟ್ಟೆ. ಆಕೆ ಕೈಯಲ್ಲಿದ್ದ ಕಟ್ಟನ್ನು ಪೂರಾ ಕಟ್ಟಿ, ಬುಟ್ಟಿಯಲ್ಲಿಟ್ಟು, ಆಮೇಲೆ ನನ್ನ ಕಡೆ ನೋಡಿದರು.

“ಇದನ್ನೆಲ್ಲಾ ನನಗ್ಯಾಕ ಹೇಳಾಕತ್ತಿ ಬೇಟಾ? ಅವರು ಕಳ್ಳರಂತ ಈ ಮನ್ಯಾಗ ಯಾರೂ ಅಂದಿಲ್ಲ. ಅಲ್ಲಿ ಬಸ್ಸ ನಿಂತೈತಿ ನೋಡು. ಶಿಗ್ಗಾವಿಗೆ ಹೋಗು. ಅಲ್ಲಿ ಹೇಳು.”